ಟ್ಯೂಬ್ ಪೆಡಲ್‌ನಲ್ಲಿ ನಾನು ಮೊದಲು ನೋಡುವುದು ವೋಲ್ಟೇಜ್

ಗಿಟಾರ್ ಸದ್ದನ್ನು ಒರಟಾಗಿಸುವ ಹೈ-ಗೇನ್ (ಸಿಗ್ನಲನ್ನು ತುಂಬಾ ಹಿಗ್ಗಿಸುವ) ಪೆಡಲ್ ಒಳಗೆ ಕೆಂಪಗೆ ಹೊಳೆಯುವ ಗಾಜಿನ ವ್ಯಾಕ್ಯೂಮ್ ಟ್ಯೂಬ್ ಕಂಡರೆ ಸಾಕು, ಕೊಳ್ಳುವ ಆಸೆ ಹುಟ್ಟುತ್ತದೆ. ನಾನು ಮಾತ್ರ ಆ ಟ್ಯೂಬಿಗೆ ಎಷ್ಟು ವೋಲ್ಟ್ ಸಿಗುತ್ತದೆ ಅಂತ ಮೊದಲು ವಿಚಾರಿಸುತ್ತೇನೆ.

ಹೆಚ್ಚಿನ ಪೆಡಲ್‌ಗಳಲ್ಲಿ ಇರುವುದು 12ಎಎಕ್ಸ್7 ಎಂಬ ಟ್ಯೂಬ್. ಗಿಟಾರ್ ಆಂಪ್‌ನಲ್ಲಿ ಇದು ಸಾಮಾನ್ಯವಾಗಿ 200-300 ವೋಲ್ಟ್‌ನಲ್ಲಿ ಕೆಲಸ ಮಾಡುತ್ತದೆ. ಎಷ್ಟೋ ಪೆಡಲ್‌ಗಳಲ್ಲಿ 50 ವೋಲ್ಟ್ ಕೂಡ ಇರುವುದಿಲ್ಲ, ಗೇನ್‌ನ ದೊಡ್ಡ ಪಾಲನ್ನು ಆಪ್-ಆಂಪ್ ಎಂಬ ಆಂಪ್ಲಿಫೈಯರ್ ಚಿಪ್ ಹೊರುತ್ತದೆ. ಟ್ಯೂಬ್ ಡ್ರೈವರ್ ಎಂಬ ಪೆಡಲ್ ಈ ಜಾತಿಯದು. ಬ್ಲ್ಯಾಕ್‌ಸ್ಟಾರ್ ಎಚ್‌ಟಿ-ಡಿಸ್ಟ್‌ಎಕ್ಸ್‌ನಲ್ಲಿ ಟ್ಯೂಬಿಗೆ 300 ವೋಲ್ಟ್ ಸಿಗುತ್ತದೆ. ಈ ಎರಡನ್ನೇ ಹೋಲಿಸಿದೆ.

ನುಡಿಸಿದ್ದನ್ನು ಮತ್ತೆ ಮತ್ತೆ ಕೇಳಿಸುವ ಲೂಪರ್‌ನಲ್ಲಿ ಒಂದು ರಿಫ್ (ಚಿಕ್ಕ ಗಿಟಾರ್ ತುಣುಕು) ರೆಕಾರ್ಡ್ ಮಾಡಿ ಅದನ್ನೇ ಎರಡಕ್ಕೂ ಕಳಿಸಿದೆ. ಪ್ರತಿ ಸಲ ಹೊಸದಾಗಿ ನುಡಿಸಿದರೆ ಪಿಕ್ಕಿನ ಏಟು ಬದಲಾಗುತ್ತದೆ, ಅಲ್ವಾ? ಸದ್ದು ಸಮ ಮಾಡಲು ಮೊಬೈಲಿನ ಡೆಸಿಬೆಲ್ ಆ್ಯಪ್ ಸಾಕು. ಸ್ವಲ್ಪ ಜೋರಾಗಿದ್ದರೂ ಕಿವಿ ಅದನ್ನೇ ಚೆನ್ನಾಗಿದೆ ಅನ್ನುತ್ತದೆ.

ದಪ್ಪ ಇ ತಂತಿಯಲ್ಲಿ ಪಾಮ್ ಮ್ಯೂಟ್ ಮಾಡಿದಾಗ (ಅಂಗೈಯಂಚಿನಿಂದ ತಂತಿ ಅದುಮಿ ನುಡಿಸಿದಾಗ) ವ್ಯತ್ಯಾಸ ಎದ್ದು ಕಂಡಿತು. ಟ್ಯೂಬ್ ಡ್ರೈವರ್‌ನಲ್ಲಿ ಬೇಸ್ ಹರಡಿಕೊಂಡು, ಏಟುಗಳು ಒಂದಕ್ಕೊಂದು ಅಂಟಿಕೊಂಡವು. ಲೀಡ್‌ಗೆ (ಒಂಟಿ ಸ್ವರಗಳ ಸೋಲೋಗೆ) ಅದೇ ಸುಖ, ತಂತಿ ಎಳೆದು ಬೆಂಡ್ ಮಾಡಿದ ಸ್ವರ ಎಳೆದುಕೊಂಡೇ ಹೋಗುತ್ತದೆ. ಡಿಸ್ಟ್‌ಎಕ್ಸ್‌ನಲ್ಲಿ ಒಂದೊಂದು ಏಟೂ ಬಿಡಿಬಿಡಿಯಾಗಿ ಕೇಳಿತು. ಆಮೇಲೆ ಲೂಪರ್ ತೆಗೆದು, ಗಿಟಾರ್ ನೇರ ಹಾಕಿ ವಾಲ್ಯೂಮ್ ಅರ್ಧಕ್ಕೆ ಇಳಿಸಿದೆ. ಡಿಸ್ಟ್‌ಎಕ್ಸ್ ಕ್ರಂಚ್‌ಗೆ, ಅಂದರೆ ಹಗುರ ಡಿಸ್ಟಾರ್ಷನ್‌ಗೆ, ಬಂತು, ಕಾರ್ಡ್‌ನ ಸ್ವರಗಳು ಬೇರೆಬೇರೆಯಾಗಿ ಕೇಳಿದವು. ಟ್ಯೂಬ್ ಡ್ರೈವರ್ ಸುಮ್ನೆ ಮಂಕಾಯಿತು.

ಟ್ಯೂಬ್ ಡ್ರೈವರ್‌ಗೆ 12ಎಯು7 ಹಾಕಿಯೂ ನೋಡಿದೆ. 12ಎಎಕ್ಸ್7ರ ಗೇನ್ ಫ್ಯಾಕ್ಟರ್ 100 ಇದ್ದರೆ ಇದರದ್ದು ಸುಮಾರು 20. ಡಿಸ್ಟಾರ್ಷನ್ ಇಳಿಯಿತು, ಆದರೆ ಪೂರ್ತಿ ಹೋಗಲಿಲ್ಲ. ಉಳಿದದ್ದು ಬಹುಪಾಲು ಚಿಪ್‌ನದ್ದೇ ಇರಬೇಕು. ಪೂರ್ತಿ ತಣ್ಣಗಾದ ಮೇಲೆ, ಕರೆಂಟ್ ತೆಗೆದೇ ಟ್ಯೂಬ್ ಬದಲಿಸಿ. 300 ವೋಲ್ಟ್ ಪೆಡಲ್‌ನ ಮುಚ್ಚಳಕ್ಕಂತೂ ಸುಮ್ಮನೆ ಕೈ ಹಾಕಬೇಡಿ. ಪ್ಲಗ್ ಕಿತ್ತರೂ ಕೆಪಾಸಿಟರ್‌ನಲ್ಲಿ ಚಾರ್ಜ್ ಉಳಿದಿರಬಹುದು.

ಅಮೆರಿಕದಿಂದ ಟ್ಯೂಬ್ ಡ್ರೈವರ್ ತರಿಸುವವರಿಗೆ ಒಂದು ಮಾತು: ಅದು ನೇರ ಮೇನ್ಸ್‌ಗೆ ಹಾಕುವ ಪೆಡಲ್. 120 ವೋಲ್ಟ್‌ನದ್ದಾದರೆ ಇಲ್ಲಿ ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು.

ಈಗ ರಿದಮ್‌ಗೆ ಡಿಸ್ಟ್‌ಎಕ್ಸ್ ಇಟ್ಟುಕೊಂಡಿದ್ದೇನೆ. ಅದರ ಮುಂದೆ ಟ್ಯೂಬ್ ಸ್ಕ್ರೀಮರ್ ಎಂಬ ಓವರ್‌ಡ್ರೈವ್ ಪೆಡಲ್, ಡ್ರೈವ್ ಸೊನ್ನೆ, ಲೆವೆಲ್ ಪೂರ್ತಿ. ಬೇಸ್ ಕಡಿಮೆಯಾಗಿ ಮಿಡ್ (ಮಧ್ಯದ ಸ್ವರಶ್ರೇಣಿ) ಮುಂದೆ ಬರುತ್ತದೆ, ರಿಫ್ ಬಿಗಿಯಾಗುತ್ತದೆ. ಹಾಗೆ ಬಿಗಿ ಮಾಡುವ ಆ ಸ್ಕ್ರೀಮರ್‌ನಲ್ಲಿ ಟ್ಯೂಬೇ ಇಲ್ಲ!