ಫ್ರಾನ್ಸಿನ ಮೂರು ಕಣಿವೆಗಳಲ್ಲಿ ಸ್ಕೀ ರಜೆ: ಕೆಳಗೆ ಮಲಗಿ ಮೇಲೆ ಜಾರಿದ ನನ್ನ ಅನುಭವ

ಸುಮಾರು 600 ಕಿಲೋಮೀಟರ್ ಪಿಸ್ಟ್‌ಗಳಿರುವ (ಸ್ಕೀ ಜಾರುಹಾದಿಗಳಿರುವ) ಫ್ರಾನ್ಸಿನ ತ್ರ್ವಾ ವಾಲೆ, ಅಂದರೆ ಮೂರು ಕಣಿವೆಗಳು ಎಂಬ ಸ್ಕೀ ಪ್ರದೇಶಕ್ಕೆ, ಇಬ್ಬರು ಮಕ್ಕಳನ್ನೂ ಎಂದೂ ಸ್ಕೀ ಕಾಲಿಗೆ ತೊಡದ ಅಪ್ಪ ಅಮ್ಮನನ್ನೂ ಕರೆದುಕೊಂಡು, ಮೂರು ಸಾವಿರ ಚಿಲ್ಲರೆ ಯೂರೋಗಳಲ್ಲಿ ಒಂದು ವಾರ ಹೋಗಿಬರಬಹುದೆಂದು ನಾನು ಹೇಳಿದಾಗ ಶ್ಟುಟ್‌ಗಾರ್ಟಿನ ನಮ್ಮ ಕನ್ನಡ ಗೆಳೆಯರಲ್ಲಿ ನಂಬಿದವರು ಯಾರೂ ಇರಲಿಲ್ಲ. "ಸ್ವಾಮಿ, ಅಲ್ಲಿನ ಕೂರ್ಶವೆಲ್ ಅಂದರೆ ಖಾಸಗಿ ವಿಮಾನದಲ್ಲಿ ಬಂದಿಳಿಯುವವರ ಊರು, ನೀವು ಸುಮ್ಮನೆ ಆಸ್ಟ್ರಿಯಾದ ಮಾಂಟಫೋನ್‌ಗೆ ಹೋಗಿಬನ್ನಿ" ಎಂದು ನಮಗಿಂತ ಹತ್ತು ವರ್ಷ ಮೊದಲು ಇಲ್ಲಿಗೆ ಬಂದು ನೆಲೆಸಿದ ಹಿರಿಯರೊಬ್ಬರು ಬುದ್ಧಿ ಹೇಳಿದರು. 2024ರ ಮಾರ್ಚ್ ಕೊನೆಯ ವಾರದಲ್ಲಿ ನನ್ನ ಲೆಕ್ಕ ಕೊನೆಗೂ ಕೂಡಿಬಂದಿತು. ಅಂದಿನಿಂದ ಅದೇ ಹಿರಿಯರು ಸೇರಿದಂತೆ ಹಲವರು ನನ್ನ ಎಕ್ಸೆಲ್ ಹಾಳೆಯನ್ನು ಕೇಳಿ ಪಡೆದಿರುವುದರಿಂದ, ಹಾಳೆಯಲ್ಲಿ ಇಲ್ಲದ ಸಂಗತಿಗಳನ್ನು ಇಲ್ಲಿ ಬರೆಯುತ್ತಿದ್ದೇನೆ. ಬೂಟಿನ ಅಳತೆ, ಹೆಲ್ಮೆಟ್, ಪಿಸ್ಟ್‌ಗಳ ಬಣ್ಣ (ಹಸಿರು ಸುಲಭ, ನೀಲಿ ಅದಕ್ಕಿಂತ ಕಷ್ಟ, ಕೆಂಪು ಇನ್ನೂ ಕಷ್ಟ) ಇವೆಲ್ಲ ಓದುಗರಿಗೆ ಗೊತ್ತಿವೆಯೆಂದು ಭಾವಿಸಿದ್ದೇನೆ.

ಇದಕ್ಕೂ ಮೊದಲಿನ ಪ್ರಯತ್ನ ಫೆಬ್ರವರಿಯ ಫಾಶಿಂಗ್ (ಕಾರ್ನಿವಲ್) ರಜೆಯಲ್ಲಿ ನಡೆದಿತ್ತು. ಹಿಮ ಖಚಿತವಾಗಿ ಸಿಗಬೇಕೆಂಬ ಆಸೆಯಿಂದ ಅದೇ ಪ್ರದೇಶದ, 2,300 ಮೀಟರ್ ಎತ್ತರದ ವಾಲ್ ತೊರಾನ್ಸ್‌ನಲ್ಲೇ, ಬಾಗಿಲು ತೆರೆದರೆ ಸ್ಕೀ ಹಾಕಿಕೊಳ್ಳಬಹುದಾದಂಥ ಕೋಣೆಯನ್ನು ಹಿಡಿದಿದ್ದೆವು. ಹಿಮವೇನೋ ಧಾರಾಳವಾಗಿತ್ತು. ಆದರೆ ಫ್ರಾನ್ಸಿನ ಶಾಲೆಗಳು ಚಳಿಗಾಲದ ರಜೆಯನ್ನು ಮೂರು ವಲಯಗಳಾಗಿ ಹಂಚಿಕೊಂಡು ತಿಂಗಳುದ್ದಕ್ಕೂ ಹಬ್ಬಿಸುವುದರಿಂದ, ಬ್ರಿಟನ್ನಿನ ಮಧ್ಯಂತರ ರಜೆಯೂ ಅದರೊಳಗೇ ಬಂದು ಕೂಡುವುದರಿಂದ, ಫೆಬ್ರವರಿಯಲ್ಲಿ ಅಲ್ಲಿ ಅಗ್ಗವೆಂಬುದು ಯಾವುದೂ ಇರುವುದಿಲ್ಲ. ಇಪ್ಪತ್ತೈದು ಚದರ ಮೀಟರಿನ ಕೋಣೆಗೆ ಎರಡು ಸಾವಿರ ಯೂರೋ ದಾಟಿತು. ಶನಿವಾರವೇ ಎಲ್ಲ ಮನೆಗಳಲ್ಲೂ ಬಾಡಿಗೆದಾರರು ಬದಲಾಗುವ ದಿನವಾದ್ದರಿಂದ, ಆಲ್ಬರ್ವಿಲ್‌ನಿಂದ ಕಣಿವೆಗಳ ಬುಡದಲ್ಲಿರುವ ಮೂತಿಯೆವರೆಗಿನ ಅರ್ಧ ಗಂಟೆಯ ದಾರಿಯನ್ನು ಮುಗಿಸುವಷ್ಟರಲ್ಲಿ ಮಕ್ಕಳು ಎರಡು ಬಾರಿ ನಿದ್ದೆ ಮಾಡಿ ಎದ್ದಿದ್ದರು. ಎಲ್ಲವೂ ಸೇರಿ ಐದೂವರೆ ಸಾವಿರ ಯೂರೋ ಖರ್ಚಾಯಿತು. ಆಗ ನನ್ನ ಹೆಂಡತಿ ಮೊದಲ ಸಲ ಸ್ಕೀ ಕಲಿಯುತ್ತಿದ್ದಳು. ಅವಳು ವಾರವಿಡೀ ಹೊಟೇಲುಗಳ ಮುಂದಿನ ಹಸಿರು ಪಿಸ್ಟ್ ಬಿಟ್ಟು ಎಲ್ಲಿಗೂ ಹೋಗಲಿಲ್ಲ, ಆದರೂ ಅವಳಿಗೂ ಮೂರೂ ಕಣಿವೆಗಳ ಲಿಫ್ಟ್ ಪಾಸನ್ನೇ ಕೊಂಡಿದ್ದೆವು. ಈಜು ಕಲಿಯಲು ಬಂದವರಿಗೆ ಇಡೀ ಕೆರೆಯನ್ನೇ ಗುತ್ತಿಗೆ ಹಿಡಿದಂತಾಗಿತ್ತು.

ಇನ್ನೊಂದು ವರ್ಷ ಒಂದು ಏಜೆನ್ಸಿಯ ಮೂಲಕ ಜನವರಿಗೆ ಕೋಣೆ ಕಾದಿರಿಸಿ, ಜರ್ಮನಿಯ ಶಾಲೆಯವರು ಮಗಳಿಗೆ ರಜೆ ಕೊಡದೆ ಹೋದಾಗ ಮುಂಗಡವನ್ನು ಕಳೆದುಕೊಂಡೆವು. ಜನವರಿ ಅಗ್ಗವೆಂಬ ಮಾತು ಶಾಲೆಗೆ ಹೋಗುವ ಮಕ್ಕಳಿಲ್ಲದವರಿಗೆ ಮಾತ್ರ ಸಲ್ಲುತ್ತದೆ.

ಇವೆರಡರ ನಂತರ ನಾನು ಲೆಕ್ಕವನ್ನು ತಲೆಕೆಳಗು ಮಾಡಿದೆ. ಸಾಮಾನ್ಯವಾಗಿ ಎಲ್ಲರೂ ಮೊದಲು ಮನೆ ಹುಡುಕುತ್ತಾರೆ, ನಂತರ ಪಾಸು ಕೊಳ್ಳುತ್ತಾರೆ, ಕೊನೆಗೆ ಯಾರು ಎಲ್ಲಿ ಜಾರುವುದೆಂದು ಅಲ್ಲಿಗೆ ಹೋಗಿ ನೋಡಿಕೊಳ್ಳುತ್ತಾರೆ. ನಾನು ಮೊದಲು ಯಾರು ಯಾವ ದಿನ ಎಲ್ಲಿ ಜಾರುತ್ತಾರೆಂದು ಬರೆದೆ, ಅದರಂತೆ ಒಬ್ಬೊಬ್ಬರಿಗೂ ಬೇರೆ ಬೇರೆ ಪಾಸು ನಿಗದಿ ಮಾಡಿದೆ, ಮನೆಯನ್ನು ಕೊನೆಗೆ ಹುಡುಕಿದೆ. ಹಾಗೆ ಬರೆದಾಗ, ನಮ್ಮಲ್ಲಿ ಮೂರೂ ಕಣಿವೆಗಳಲ್ಲಿ ತಿರುಗುವ ಶಕ್ತಿಯಿದ್ದವನು ನಾನೊಬ್ಬನೇ ಎಂಬುದೂ, ಉಳಿದವರಿಗೆಲ್ಲ ನಡುವಿನ ಮೆರಿಬೆಲ್ ಕಣಿವೆಯೊಂದೇ ಸಾಕೆಂಬುದೂ ಸ್ಪಷ್ಟವಾಯಿತು. ಮೆರಿಬೆಲ್‌ಗೆ ಮಲಗಲು ಹೋಗುವ ಅಗತ್ಯವಿಲ್ಲ, ಏಕೆಂದರೆ ಅದರ ಕೆಳಗೆ 600 ಮೀಟರ್ ಎತ್ತರದಲ್ಲಿ ಬ್ರೀದ್-ಲೆ-ಬ್ಯಾಂ ಎಂಬ ಬಿಸಿನೀರ ಬುಗ್ಗೆಗಳ ಸಣ್ಣ ಊರಿದೆ. 1992ರ ಆಲ್ಬರ್ವಿಲ್ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಕ್ರೀಡಾಪಟುಗಳ ವಸತಿ ಅಲ್ಲಿತ್ತು. ಆಗ ಕಟ್ಟಿದ ಒಲಾಂಪ್ ಎಂಬ ಗೊಂಡೋಲಾ (ತೂಗು ಡಬ್ಬಿಗಳ ರೋಪ್‌ವೇ) ಇಂದಿಗೂ ಊರಿನಿಂದ ನೇರವಾಗಿ 1,450 ಮೀಟರಿನಲ್ಲಿರುವ ಮೆರಿಬೆಲ್‌ನ ಶೊದಾನ್ ನಿಲ್ದಾಣಕ್ಕೆ ಇಪ್ಪತ್ತೈದು ನಿಮಿಷಗಳಲ್ಲಿ ಕರೆದೊಯ್ಯುತ್ತದೆ. ಮೆರಿಬೆಲ್‌ನಲ್ಲಿ ಎರಡೂಕಾಲು ಸಾವಿರ ಕೇಳಿದ ಅಳತೆಯ ಮನೆಗೆ ಬ್ರೀದ್‌ನಲ್ಲಿ ಒಂಬೈನೂರು ಯೂರೋದ ಆಸುಪಾಸು ಕೊಟ್ಟೆವು. ಎರಡು ಕೋಣೆ, ಒಂದು ಅಡುಗೆಮನೆ, ಅಪ್ಪನಿಗೆ ಬೇಕಾದ ಒಂದು ಬಾಲ್ಕನಿ.

ಕೆಳಗೆ ಮಲಗುವುದಕ್ಕೆ ಬರುವ ಆಕ್ಷೇಪಣೆಗಳು ಎರಡು. ಬೆಳಗಿನ ಸಮಯ ಹಾಳಾಗುತ್ತದೆ ಎಂಬುದು ಮೊದಲನೆಯದು. ನಾವು ಒಂಬತ್ತೂಕಾಲಿಗೆ ಸ್ಕೀ ಮೇಲಿರುತ್ತಿದ್ದೆವು. ವಾಲ್ ತೊರಾನ್ಸ್‌ನಲ್ಲಿ ಬಾಗಿಲಲ್ಲೇ ಹಿಮವಿದ್ದಾಗಲೂ ಮಕ್ಕಳ ಕೈಗವಸು ಹುಡುಕುವುದರಲ್ಲೇ ಹತ್ತು ಗಂಟೆಯಾಗುತ್ತಿತ್ತು, ಏಕೆಂದರೆ ಹೊರಡಲೇಬೇಕಾದ ಹೊತ್ತೊಂದು ಇರಲಿಲ್ಲ. ಸಂಜೆ ಸ್ಕೀ ಮಾಡಿಕೊಂಡೇ ಮನೆ ಸೇರಲಾಗುವುದಿಲ್ಲ ಎಂಬುದು ಎರಡನೆಯದು, ಮತ್ತು ಅದು ನಿಜ. ಗೊಂಡೋಲಾದಲ್ಲೇ ಇಳಿಯಬೇಕು, ಅದು ನಿಲ್ಲುವ ಹೊತ್ತಿಗೆ ಮೊದಲೇ ಶೊದಾನ್ ತಲುಪಿರಬೇಕು. ಅದಕ್ಕೂ ಮಿಗಿಲಾಗಿ, ಬೇರೆ ಕಣಿವೆಗೆ ಹೋದವರು ಹಿಂದಿರುಗಿಸುವ ಕೊನೆಯ ಲಿಫ್ಟಿನ ವೇಳೆಯನ್ನು ತಪ್ಪಿಸಿಕೊಂಡರೆ, ಟ್ಯಾಕ್ಸಿಯು ಒಂದು ಕಣಿವೆಯಿಂದ ಮೂತಿಯೆವರೆಗೆ ಇಳಿದು ಇನ್ನೊಂದು ಕಣಿವೆಗೆ ಹತ್ತಬೇಕಾಗುವುದರಿಂದ ನೂರು ಯೂರೋಗಿಂತ ಹೆಚ್ಚು ತೆರಬೇಕಾಗುತ್ತದೆ. ಆದ್ದರಿಂದ ವಾಲ್ ತೊರಾನ್ಸ್‌ಗೆ ಹೋಗಿದ್ದ ದಿನ ನಾನು ಮಧ್ಯಾಹ್ನ ಎರಡೂವರೆಗೇ ಹಿಂದಿರುಗಲು ಆರಂಭಿಸಿದೆ. ಗೆಳೆಯರು ನಕ್ಕರೂ ಈ ಶಿಸ್ತಿನಲ್ಲಿ ನಾನು ಸಡಿಲಿಸುವುದಿಲ್ಲ.

ಪಾಸುಗಳ ವಿಚಾರವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಹಣ ಉಳಿದದ್ದು ಮನೆಯ ನಂತರ ಇಲ್ಲಿಯೇ. ಮೂರು ಕಣಿವೆಗಳ ಆರು ದಿನದ ಪಾಸು ವಯಸ್ಕರಿಗೆ ಆಗ ಮುನ್ನೂರ ಎಪ್ಪತ್ತರ ಸುತ್ತಮುತ್ತ ಇತ್ತು, ಮೆರಿಬೆಲ್ ಕಣಿವೆಯದು ಅದಕ್ಕಿಂತ ಐವತ್ತು ಅರವತ್ತು ಕಡಿಮೆ. ಮೆರಿಬೆಲ್ ಪಾಸು ಇದ್ದವರು ಬೇಕಾದ ದಿನಕ್ಕೆ ಮಾತ್ರ ಹೆಚ್ಚುವರಿ ಹಣ ಕೊಟ್ಟು ಉಳಿದೆರಡು ಕಣಿವೆಗಳಿಗೆ ಹೋಗಬಹುದು. ಹೆಂಡತಿ ಈ ಸಲ ನೀಲಿ ಪಿಸ್ಟ್‌ಗಳಲ್ಲಿ ಧೈರ್ಯವಾಗಿ ಇಳಿಯುತ್ತಿದ್ದುದರಿಂದ ಒಂದು ದಿನ ಮಾತ್ರ ಅವಳಿಗೆ ಆ ವಿಸ್ತರಣೆಯನ್ನು ಕೊಂಡು ಸೊಲೀರ್ ಶಿಖರದ ಆಚೆ ಕೂರ್ಶವೆಲ್‌ಗೆ ಹೋಗಿಬಂದೆವು. ಖಾಸಗಿ ವಿಮಾನಗಳ ಊರನ್ನು ನೋಡಿದೆವು, ಅಲ್ಲಿ ಒಂದು ಕಾಫಿಯನ್ನೂ ಕುಡಿಯಲಿಲ್ಲ. ಐದು ವರ್ಷದೊಳಗಿನ ಮಗನಿಗೆ ಪಾಸು ಉಚಿತ. ಅಪ್ಪ ಅಮ್ಮನಿಗೆ ಪಾದಚಾರಿಗಳ ಪಾಸನ್ನು ಎಲ್ಲ ದಿನಗಳಿಗೂ ಕೊಳ್ಳದೆ, ಹವಾಮಾನ ನೋಡಿಕೊಂಡು ಹಿಂದಿನ ರಾತ್ರಿ ಕೊಂಡೆವು. ಅಪಘಾತದ ಸಂದರ್ಭದಲ್ಲಿ ಪಿಸ್ಟ್ ಮೇಲಿನ ರಕ್ಷಣೆಗೂ ಫ್ರಾನ್ಸಿನಲ್ಲಿ ಹಣ ತೆರಬೇಕಾದ್ದರಿಂದ ಪಾಸಿನೊಡನೆ ವಿಮೆಯನ್ನೂ ಕೊಳ್ಳುವಂತೆ ಕೇಳುತ್ತಾರೆ, ಆಗ ಅದು ದಿನಕ್ಕೆ ಮೂರೂವರೆ ಯೂರೋ ಇತ್ತು. ಜರ್ಮನ್ ಆಲ್ಪೈನ್ ಸಂಘದ ಸದಸ್ಯತ್ವದಲ್ಲೇ ರಕ್ಷಣಾ ವಿಮೆ ಸೇರಿರುವುದರಿಂದ ನಾವು ಅದನ್ನು ಬಿಟ್ಟೆವು. ನಿಮ್ಮ ಸದಸ್ಯತ್ವದ ಷರತ್ತುಗಳನ್ನು ಓದಿಕೊಂಡೇ ನೀವು ಬಿಡಬೇಕು.

ವಾರದ ಆಯ್ಕೆಯೇ ಈ ವಿಧಾನದ ಬೆನ್ನೆಲುಬು. 2024ರಲ್ಲಿ ಈಸ್ಟರ್ ಮಾರ್ಚ್ 31ಕ್ಕೇ ಬಂದದ್ದರಿಂದ ನಮ್ಮ ಬಾಡೆನ್-ವುರ್ಟೆಂಬರ್ಗ್ ರಾಜ್ಯದ ಶಾಲೆಗಳ ಈಸ್ಟರ್ ರಜೆ ಮಾರ್ಚ್ ಕೊನೆಯಲ್ಲೇ ಆರಂಭವಾಯಿತು, ಫ್ರಾನ್ಸಿನ ವಸಂತ ರಜೆಯಾದರೋ ಏಪ್ರಿಲ್ 6ಕ್ಕೆ ಮೊದಲು ಯಾವ ವಲಯದಲ್ಲೂ ಇರಲಿಲ್ಲ. ನಮ್ಮ ಮಕ್ಕಳಿಗೆ ರಜೆ, ಅವರ ಮಕ್ಕಳಿಗೆ ಶಾಲೆ ಎಂಬ ಇಂಥ ವಾರ ಎಲ್ಲ ವರ್ಷವೂ ಸಿಗುವುದಿಲ್ಲ. ಜೊತೆಗೆ ಭಾನುವಾರದಿಂದ ಭಾನುವಾರಕ್ಕೆ ಮನೆ ಕೊಡುವ ಮಾಲೀಕರನ್ನು ಹುಡುಕಿದೆ. ಹೇಗೆ ಹುಡುಕಿದೆನೆಂಬುದನ್ನೂ ಮನೆಯ ವಿಳಾಸವನ್ನೂ ಇಲ್ಲಿ ಬರೆಯುವುದಿಲ್ಲ, ಏಕೆಂದರೆ ಮುಂದಿನ ಸಲ ಆ ಮನೆ ನನಗೇ ಬೇಕು. ಜ್ಯೂರಿಕ್, ಬರ್ನ್, ಜಿನೀವಾ, ಆನ್ಸಿ ಮಾರ್ಗವಾಗಿ 650 ಕಿಲೋಮೀಟರ್ ದೂರವನ್ನು ಭಾನುವಾರ ಲಾರಿಗಳ ಕಾಟವಿಲ್ಲದೆ, ಊಟದ ಬಿಡುವೂ ಸೇರಿ ಎಂಟು ಗಂಟೆಗಳಲ್ಲಿ ಮುಗಿಸಿದೆವು. ಸ್ವಿಟ್ಜರ್ಲೆಂಡಿನ ಹೆದ್ದಾರಿ ಚೀಟಿಗೆ 40 ಫ್ರಾಂಕ್ ಕೊಡಲೇಬೇಕು. ಮಾರ್ಚ್ 31ರವರೆಗೆ ಫ್ರಾನ್ಸಿನ ಆ ಬೆಟ್ಟಗಳಲ್ಲಿ ಚಳಿಗಾಲದ ಟೈರು ಅಥವಾ ಸರಪಳಿ ಕಡ್ಡಾಯವೆಂಬುದನ್ನು, ವಸಂತವೆಂದು ಟೈರು ಬದಲಿಸಿ ಹೊರಡುವವರು ನೆನಪಿಡಬೇಕು.

ಮಾರ್ಚ್ ಕೊನೆಯ ಹಿಮ ಹೇಗಿರುತ್ತದೆಂದು ಎಲ್ಲರೂ ಕೇಳುತ್ತಾರೆ. ಮೆರಿಬೆಲ್ ಕಣಿವೆಯ ತೂನ್ಯೆತ್ ಬದಿ ಪೂರ್ವಕ್ಕೂ ಸೊಲೀರ್ ಬದಿ ಪಶ್ಚಿಮಕ್ಕೂ ಮುಖ ಮಾಡಿವೆ. ಆದ್ದರಿಂದ ರಾತ್ರಿ ಗಟ್ಟಿಯಾದ ಹಿಮ ಬೆಳಗ್ಗೆ ಮೊದಲು ಮೆತ್ತಗಾಗುವುದು ತೂನ್ಯೆತ್ ಬದಿಯಲ್ಲಿ. ಹನ್ನೊಂದೂವರೆಯವರೆಗೆ ಅಲ್ಲಿದ್ದು ನಂತರ ಸೊಲೀರ್ ಬದಿಗೆ ದಾಟಿದರೆ ಗಾಜಿನಂಥ ಹಿಮವೂ ಇಲ್ಲ, ಗಂಜಿಯಂಥ ಹಿಮವೂ ಇಲ್ಲ. ನಾನು ಒಬ್ಬನೇ ಇದ್ದ ಹೊತ್ತಿನಲ್ಲಿ 2,952 ಮೀಟರಿನ ಮಾಂಟ್ ವಾಲೋನ್‌ಗೆ ಹೋಗುತ್ತಿದ್ದೆ, ಅಲ್ಲಿನ ಕೆಂಪು ಪಿಸ್ಟ್‌ಗಳಲ್ಲಿ ಮಧ್ಯಾಹ್ನವೂ ಒಣ ಹಿಮವಿತ್ತು. ವಾರದ ಕೊನೆಯಲ್ಲಿ ದಕ್ಷಿಣದ ಗಾಳಿ ಎದ್ದು ಮೇಲಿನ ಕೆಲವು ಲಿಫ್ಟ್‌ಗಳು ನಿಂತವು, ಅದೇ ಗಾಳಿ ಸಹಾರಾದ ಧೂಳನ್ನು ತಂದು ಹಿಮವನ್ನೆಲ್ಲ ಕಂದು ಬಣ್ಣಕ್ಕೆ ತಿರುಗಿಸಿತು. ಧೂಳು ಬಿದ್ದ ಹಿಮದಲ್ಲಿ ಸ್ಕೀ ಹಿಡಿದೆಳೆದಂತೆ ನಿಲ್ಲುತ್ತದೆ. ನನ್ನ ಸ್ಕೀಗಳಿಗೆ ಒಂದು ರಾತ್ರಿ ಮೇಣ ಹಚ್ಚಿ, ಮಗಳ ಬಾಡಿಗೆಯ ಸ್ಕೀಗಳನ್ನು ಹಾಗೆಯೇ ಬಿಟ್ಟು ಹೋಲಿಸಿ ನೋಡಿದೆ. ವ್ಯತ್ಯಾಸ ಮೊದಲ ಒಂದು ಗಂಟೆ ಮಾತ್ರ ಇತ್ತು.

ಅಡುಗೆಯಲ್ಲಿಯೂ ಕೆಲವು ಪ್ರಯೋಗಗಳು ನಡೆದವು. ವಾಲ್ ತೊರಾನ್ಸ್‌ನಲ್ಲಿ ನೀರು ಸುಮಾರು 92 ಡಿಗ್ರಿಗೇ ಕುದಿಯುವುದರಿಂದ ತೆರೆದ ಪಾತ್ರೆಯಲ್ಲಿಟ್ಟ ತೊಗರಿಬೇಳೆ ಎರಡು ಗಂಟೆಯಾದರೂ ಬೆಂದಿರಲಿಲ್ಲ. ಬ್ರೀದ್‌ಗೆ ಕುಕ್ಕರ್ ಒಯ್ದಿದ್ದೆವು, ಅಲ್ಲಿನ ಎತ್ತರಕ್ಕೆ ಅದರ ಅಗತ್ಯ ಅಷ್ಟಾಗಿ ಕಾಣಲಿಲ್ಲ. ತೂಕ ಇಳಿಸಿಕೊಳ್ಳಲು ಜನ ಬರುವ ಬುಗ್ಗೆಗಳ ಊರಿನಲ್ಲಿ ನಾವು ಪ್ರತಿ ರಾತ್ರಿ ತುಪ್ಪ ಹಾಕಿದ ಬಿಸಿಬೇಳೆ ಭಾತ್ ತಿನ್ನುತ್ತಿದ್ದೆವು. ಮಧ್ಯಾಹ್ನದ ಊಟಕ್ಕೆ ಮೇಲಿನ ಹೊಟೇಲುಗಳಲ್ಲಿ ಒಬ್ಬರಿಗೆ ಇಪ್ಪತ್ತೈದು ಯೂರೋ ಕೊಟ್ಟರೂ ಸಸ್ಯಾಹಾರಿಗಳಿಗೆ ಆಲೂಗಡ್ಡೆ ಮತ್ತು ಚೀಸ್ ಬಿಟ್ಟರೆ ಆಯ್ಕೆ ಕಡಿಮೆ. ಚಪಾತಿ ಸುರುಳಿಯೊಳಗೆ ಚಟ್ನಿಪುಡಿಗೆ ತುಪ್ಪ ಕಲಸಿ ಒಯ್ದಾಗ ಚಳಿಗೆ ತುಪ್ಪ ಗಟ್ಟಿಯಾಗಿ ಪುಡಿ ಹೆಂಟೆಯಾಯಿತು, ಕೊಬ್ಬರಿ ಎಣ್ಣೆಯ ಗತಿಯೂ ಅದೇ. ಎಳ್ಳೆಣ್ಣೆ ಮಾತ್ರ ಉಳಿಯಿತು. ಚಪಾತಿ ಮಧ್ಯಾಹ್ನದವರೆಗೂ ಮೆತ್ತಗಿರಲು ಹಿಟ್ಟಿಗೆ ಅಮ್ಮ ಏನು ಬೆರೆಸುತ್ತಾಳೆಂಬುದು ಅಮ್ಮನ ಸೊತ್ತು, ಬರೆಯಲು ಅನುಮತಿಯಿಲ್ಲ.

ಅಪ್ಪ ಅಮ್ಮನ ದಿನಗಳು ಹೇಗೆ ಕಳೆಯುತ್ತವೆಂಬುದು ನನ್ನ ಯೋಜನೆಯ ಅತ್ಯಂತ ದುರ್ಬಲ ಭಾಗವೆಂದು ಎಲ್ಲರೂ ಹೇಳಿದ್ದರು. ಮೇಲೆ ಹಿಮದಲ್ಲಿ ಕೋಣೆ ಹಿಡಿದಿದ್ದರೆ ಅವರು ವಾರವಿಡೀ ಕಿಟಕಿಯ ಹಿಂದೆ ಕೂರಬೇಕಾಗುತ್ತಿತ್ತು. ಬ್ರೀದ್‌ನಲ್ಲಿ ಆ ಹೊತ್ತಿಗೆ ನೆಲ ಒಣಗಿ, ಹೊಳೆಯ ಪಕ್ಕದ ದಾರಿಯಲ್ಲಿ ಅಪ್ಪ ಶಿವಮೊಗ್ಗದಲ್ಲಿ ಮಾಡುವಂತೆಯೇ ಬೆಳಗಿನ ವಾಕಿಂಗ್ ಮುಗಿಸಿ ಬ್ರೆಡ್ ಹಿಡಿದು ಬರುತ್ತಿದ್ದರು. ಬಿಸಿಲಿದ್ದ ದಿನಗಳಲ್ಲಿ ಇಬ್ಬರೂ ಗೊಂಡೋಲಾ ಹತ್ತಿ, 2,700 ಮೀಟರಿನ ಸೊಲೀರ್‌ವರೆಗೂ ಬಂದು ಮಾಂಟ್ ಬ್ಲಾಂಕ್ ನೋಡಿದರು. ಮಧ್ಯಾಹ್ನ ಶೊದಾನ್‌ನಲ್ಲಿ ಮಗನನ್ನು ಸ್ಕೀ ಶಾಲೆಯಿಂದ ಕರೆದುಕೊಳ್ಳುವ ಕೆಲಸವನ್ನೂ ಅವರೇ ವಹಿಸಿಕೊಂಡದ್ದರಿಂದ ನಮಗೆ ದಿನಕ್ಕೆ ಎರಡು ಗಂಟೆ ಹೆಚ್ಚು ಸಿಕ್ಕಿತು. "ಇಷ್ಟು ದುಡ್ಡು ಕೊಟ್ಟು ಬೀಳೋದನ್ನ ಕಲೀಬೇಕೇನಪ್ಪಾ" ಎಂದು ಅಪ್ಪ ಮೊದಲ ದಿನ ಕೇಳಿದ್ದರು, ಮೊಮ್ಮಗ ಬೀಳದೆ ಇಳಿದ ದಿನದಿಂದ ಕೇಳಲಿಲ್ಲ. ಮೆರಿಬೆಲ್ ಅನ್ನು 1938ರಲ್ಲಿ ಬ್ರಿಟನ್ನಿನವರೊಬ್ಬರು ಆರಂಭಿಸಿದ್ದರಿಂದ ಅಲ್ಲಿ ಇಂದಿಗೂ ಇಂಗ್ಲಿಷ್ ಬಲ್ಲ ತರಬೇತುದಾರರು ಸುಲಭವಾಗಿ ಸಿಗುತ್ತಾರೆ, ಮಕ್ಕಳ ತರಗತಿಗೆ ಇದು ನಮಗೆ ಅನುಕೂಲವಾಯಿತು.

ಲೆಕ್ಕವನ್ನು ನೆನಪಿನಿಂದ ಹೇಳುವುದಾದರೆ ಮನೆಗೆ ಒಂಬೈನೂರು, ಪಾಸುಗಳಿಗೆ ಅಪ್ಪ ಅಮ್ಮನದೂ ಸೇರಿ ಸಾವಿರ ಚಿಲ್ಲರೆ, ಮಕ್ಕಳ ತರಗತಿಗಳಿಗೆ ನಾನೂರು, ಸಲಕರಣೆಗಳ ಬಾಡಿಗೆಗೆ ಇನ್ನೂರೈವತ್ತು, ಪೆಟ್ರೋಲ್ ಮತ್ತು ಟೋಲ್‌ಗೆ ಮುನ್ನೂರರೊಳಗೆ, ಊಟಕ್ಕೆ ಮುನ್ನೂರು. ಎಲ್ಲ ಸೇರಿ ಆರು ಜನರಿಗೆ ಮೂರು ಸಾವಿರದ ಇನ್ನೂರರ ಹತ್ತಿರ ನಿಂತಿತು. ಸಲಕರಣೆಯನ್ನು ಮುಂಚಿತವಾಗಿ ಕಾದಿರಿಸಿದರೆ ಅಂಗಡಿಯ ಫಲಕದ ಬೆಲೆಗಿಂತ ಮೂರನೇ ಒಂದು ಭಾಗವಾದರೂ ಕಡಿಮೆಯಾಗುತ್ತದೆ.

ಈ ಸೂತ್ರವನ್ನು 2025ಕ್ಕೆ ಹಾಗೆಯೇ ಅನ್ವಯಿಸಲು ಹೊರಟವರಿಗೆ ಬೇಡವೆಂದು ನಾನೇ ಹೇಳಿದೆ. ಆ ವರ್ಷ ಈಸ್ಟರ್ ಏಪ್ರಿಲ್ 20ಕ್ಕೆ ಬಿದ್ದು, ನಮ್ಮ ರಜೆ ಆರಂಭವಾಗುವಷ್ಟರಲ್ಲಿ ಫ್ರಾನ್ಸಿನ ಮಕ್ಕಳೂ ರಜೆಯಲ್ಲಿದ್ದರು, ಕೆಳಗಿನ ಪಿಸ್ಟ್‌ಗಳ ಋತುವೂ ಮುಗಿಯುತ್ತ ಬಂದಿತ್ತು. ಈಸ್ಟರ್ ಮತ್ತೆ ಮಾರ್ಚ್‌ನಲ್ಲಿ ಬರುವುದು 2027ರಲ್ಲಿ, 28ನೇ ತಾರೀಖಿಗೆ. ಬ್ರೀದ್‌ನ ಮನೆಯೊಡತಿಗೆ ಆ ವಾರಕ್ಕಾಗಿ ನಾನು ಈಗಾಗಲೇ ಪತ್ರ ಬರೆದಿದ್ದೇನೆ. ಮಾಂಟಫೋನ್‌ಗೆ ಹೋಗೆಂದಿದ್ದ ಹಿರಿಯರು ಅದೇ ಬೀದಿಯಲ್ಲಿ ಇನ್ನೊಂದು ಮನೆ ಹುಡುಕಿಕೊಡಲು ಹೇಳಿದ್ದಾರೆ.