ಪುನರ್ಪುಳಿ ಶರಬತ್ತು ಬೇಡ, ಬೊಂಡ ಕುಡಿಯಿರಿ

ಮಂಗಳೂರಿನ ಒಂದು ಆಸ್ಪತ್ರೆಯ ಎಂಡೋಸ್ಕೋಪಿ ವಿಭಾಗದಲ್ಲಿ ನಾನು ನರ್ಸ್. ದೊಡ್ಡ ಕರುಳಿನ ಕ್ಯಾನ್ಸರ್ ಪತ್ತೆಗೆ ಕೊಲೊನೋಸ್ಕೋಪಿ, ಅಂದರೆ ಗುದದ್ವಾರದಿಂದ ಕ್ಯಾಮೆರಾ ಇರುವ ನಳಿಗೆ ಹಾಕಿ ನೋಡುವುದು, ಬಹಳ ಒಳ್ಳೆಯ ಪರೀಕ್ಷೆ. ಆದರೆ ಕರುಳು ಸ್ವಚ್ಛ ಇರಬೇಕು, ಆ ಕೆಲಸ ಆಗುವುದು ಮನೆಯಲ್ಲಿ. ಅದಕ್ಕೇ ಸುಮ್ನೆ ಚೀಟಿ ಕೊಟ್ಟು ಕಳಿಸದೆ ಕೂತು ಮಾತಾಡುತ್ತೇನೆ.

"ಮನೇಲಿ ಊಟಕ್ಕೆ ಏನಮ್ಮ?" ಎಂದರೆ ಕುಚ್ಚಲಕ್ಕಿ ಅನ್ನ, ಬಸಳೆ, ತೊಂಡೆಕಾಯಿ ಪಲ್ಯ ಅನ್ನುತ್ತಾರೆ. ಪರೀಕ್ಷೆಗೆ ಮುಂಚೆ ಕೆಲವು ದಿನ ಮೂರೂ ಬೇಡ. ನಾರು, ಬೀಜ ಒಳಗೇ ಉಳಿದು ಕ್ಯಾಮೆರಾಕ್ಕೆ ಅಡ್ಡ ಬರುತ್ತವೆ. ಬೆಳ್ತಿಗೆ (ಬಿಳಿ ಅಕ್ಕಿ) ಅನ್ನ, ಮೀನು, ಮೊಟ್ಟೆ ಆಗುತ್ತದೆ. ಹಿಂದಿನ ದಿನ ಗಂಜಿ ತಿಳಿ, ಬೊಂಡದ ನೀರು (ಎಳನೀರು). ಪುನರ್ಪುಳಿ (ಕೋಕಂ) ಶರಬತ್ತು ಮಾತ್ರ ಬೇಡವೇ ಬೇಡ, ಅದರ ಕೆಂಪು ಒಳಗೆ ರಕ್ತದ ಹಾಗೆ ಕಾಣುತ್ತದೆ. ನಮ್ಮ ಕಡೆ ಇದನ್ನು ಬಾಯಿಬಿಟ್ಟು ಹೇಳಲೇಬೇಕು, ಬೇಸಿಗೆಯಲ್ಲಂತೂ.

ಕರುಳು ಸ್ವಚ್ಛ ಮಾಡುವ ಭೇದಿ ಔಷಧಿಯಲ್ಲಿ ಅರ್ಧ ಹಿಂದಿನ ಸಂಜೆಗೆ, ಇನ್ನರ್ಧ ಪರೀಕ್ಷೆಯ ದಿನ ಬೆಳಿಗ್ಗೆ. ಎಲ್ಲವನ್ನೂ ರಾತ್ರಿಯೇ ಕುಡಿದು ಮಲಗಿದರೆ, ಬೆಳಗಾಗುವಷ್ಟರಲ್ಲಿ ಸಣ್ಣ ಕರುಳಿನಿಂದ ಇಳಿದ ಹಳದಿ ಅಂಟು ದೊಡ್ಡ ಕರುಳಿನ ಬಲಭಾಗದ ಗೋಡೆಗೆ ಮೆತ್ತಿಕೊಂಡಿರುತ್ತದೆ. ಚಪ್ಪಟೆ ಪಾಲಿಪ್‌ಗಳು (ಕರುಳಿನ ಒಳಗೋಡೆಯಲ್ಲಿ ಬೆಳೆಯುವ ಗಂಟುಗಳು) ಜಾಸ್ತಿ ಅಡಗುವುದು ಅಲ್ಲೇ. ಕೊನೆಗೆ ತಿಳಿ ಹಳದಿ ನೀರು ಮಾತ್ರ ಹೋಗಬೇಕು. ಅನುಮಾನ ಬಂದರೆ ಫೋಟೋ ತೆಗೆದು ತೋರಿಸಿ, ನಾಚಿಕೆ ಬೇಡ ಅನ್ನುತ್ತೇನೆ.

ಡಾಕ್ಟರು ನಳಿಗೆಯನ್ನು ಹೊರಗೆ ಎಳೆಯುತ್ತಾ ನೋಡಲು ಕನಿಷ್ಠ 6 ನಿಮಿಷ ಬೇಕು. ಪಾಲಿಪ್ ಸಿಕ್ಕರೆ ತಂತಿಯ ಕುಣಿಕೆ ಹಾಕಿ ಅಲ್ಲೇ ತೆಗೆಯುತ್ತಾರೆ. ಅದು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಸುಮಾರು 10 ವರ್ಷ ಹಿಡಿಯುತ್ತದೆ. ಅಂದರೆ ಬರುವ ಮೊದಲೇ ತಡೆದ ಹಾಗೆ ಆಯಿತಲ್ವಾ?

ಇದಕ್ಕೆ ಒಪ್ಪದವರಿಗೆ ಮಲದ ಫಿಟ್ ಪರೀಕ್ಷೆ ಇದೆ. ಕಣ್ಣಿಗೆ ಕಾಣದ ರಕ್ತವನ್ನು ಹುಡುಕುತ್ತದೆ, ಪಥ್ಯ ಬೇಡ. ಒಂದು ಸಲಕ್ಕೆ 100ರಲ್ಲಿ ಸುಮಾರು 79 ಕ್ಯಾನ್ಸರ್ ಹಿಡಿಯುತ್ತದೆ, ಪಾಲಿಪ್‌ಗಳು ಮಾತ್ರ ಬಹಳಷ್ಟು ತಪ್ಪಿಹೋಗುತ್ತವೆ. ಹಾಗಾಗಿ ಒಮ್ಮೆ ಮಾಡಿಸಿ ಬಿಡುವಂತಿಲ್ಲ, ವರ್ಷಕ್ಕೊಮ್ಮೆ ಮಾಡಿಸಿ. 2025ರಲ್ಲಿ ಪ್ರಕಟವಾದ ಸ್ಪೇನಿನ ಅಧ್ಯಯನದಲ್ಲಿ ಎರಡು ವರ್ಷಕ್ಕೊಮ್ಮೆ ಫಿಟ್‌ಗೆ ಕರೆದವರಲ್ಲೂ ಒಂದು ಸಲ ಕೊಲೊನೋಸ್ಕೋಪಿಗೆ ಕರೆದವರಲ್ಲೂ 10 ವರ್ಷದಲ್ಲಿ ಈ ಕ್ಯಾನ್ಸರ್‌ನಿಂದ ಆದ ಸಾವಿನ ಪ್ರಮಾಣ ಹೆಚ್ಚುಕಡಿಮೆ ಒಂದೇ ಇತ್ತು. ಫಿಟ್‌ಗೆ ಬಂದವರೇ ಜಾಸ್ತಿ.

ನನ್ನ ಹೊಟ್ಟೆ ಉರಿಯುವುದು ಒಂದಕ್ಕೇ. ಫಿಟ್ ಪಾಸಿಟಿವ್ ಬಂದರೂ "ಮೂಲವ್ಯಾಧಿ ಇರಬೇಕು ಸಿಸ್ಟರ್" ಎಂದು ಹೊರಟುಬಿಡುತ್ತಾರೆ. ಇನ್ನೊಮ್ಮೆ ಫಿಟ್ ಮಾಡಿಸಿ ನೋಡುತ್ತೇನೆ ಅನ್ನುವವರೂ ಇದ್ದಾರೆ. ಎರಡೂ ಸರಿಯಲ್ಲ. ಪಾಸಿಟಿವ್ ಬಂದ ಮೇಲೆ ಕೊಲೊನೋಸ್ಕೋಪಿ ಆಗಲೇಬೇಕು. ಮನೆಯಲ್ಲಿ ಅಪ್ಪನಿಗೋ ಅಕ್ಕನಿಗೋ 60ರೊಳಗೆ ಈ ಕ್ಯಾನ್ಸರ್ ಬಂದಿದ್ದರೆ ಫಿಟ್‌ಗೆ ಕಾಯಬೇಡಿ. 40ಕ್ಕೆ, ಇಲ್ಲವೇ ಅವರಿಗೆ ಬಂದ ವಯಸ್ಸಿಗಿಂತ 10 ವರ್ಷ ಮೊದಲು, ಯಾವುದು ಮುಂಚೆಯೋ ಆಗ ನೇರ ಕೊಲೊನೋಸ್ಕೋಪಿಗೆ ಬನ್ನಿ.