ಬೋರ್ ನೀರಿನ ಈಜುಕೊಳ, ತಾರಸಿಯ ಮಳೆ

ನಮ್ಮ ಬೋರ್ ನೀರಲ್ಲಿ ತೊಗರಿಬೇಳೆ ಬೇಯುವುದಿಲ್ಲ. ಹೊಸಕೋಟೆ ಕಡೆ ಮನೆ ಕಟ್ಟಿಕೊಂಡು ಹೋದ ಮೊದಲ ವಾರವೇ ಅಮ್ಮ ಇದನ್ನು ಕಂಡುಕೊಂಡು, ಸಾರಿಗೆ ಕ್ಯಾನ್ ನೀರೇ ಬೇಕು ಎಂದಿದ್ದರು. ಅದೇ ಬೋರ್ ನೀರನ್ನು 39,000 ಲೀಟರ್ ತುಂಬಿಸಿ ನಾನು ಈಜುಕೊಳ ಮಾಡಿಸಿದೆ. ಬೇಳೆಗಾಗದ ನೀರು ಕೊಳಕ್ಕಾದೀತೇ ಅಂತ ಒಮ್ಮೆಯೂ ಹೊಳೆಯಲಿಲ್ಲ.

ಬೇಸಿಗೆ ಮುಗಿಯುವಷ್ಟರಲ್ಲಿ ಟೈಲ್ಸ್ ಅಂಚಿಗೆ ಬಿಳಿ ಪಟ್ಟಿ ಕಟ್ಟಿತ್ತು. ಮೆಟ್ಟಿಲು ಸವರಿದರೆ ಉಪ್ಪುಕಾಗದದ ತರಿ. ನೀರೂ ಮಬ್ಬು. ಕೊಳ ನೋಡಿಕೊಳ್ಳುವ ಹುಡುಗ ‘ಪಾಚಿ ಸರ್, ಕ್ಲೋರಿನ್ ಜಾಸ್ತಿ ಹಾಕಿ’ ಅಂದ. ಹಾಕಿದೆ. ಮಬ್ಬು ಹೆಚ್ಚಿತು.

ಕೊನೆಗೆ ನೀರಿನ ಗಡಸುತನ, ಅಂದರೆ ಅದರಲ್ಲಿ ಕರಗಿದ ಸುಣ್ಣದಂಶ, ಅಳೆಯಲು ಹನಿ ಎಣಿಸುವ ಟೆಸ್ಟ್ ಕಿಟ್ ತಂದೆ. ಕೆಂಪಾದ ನೀರು ನೀಲಿಗೆ ತಿರುಗುವವರೆಗೆ ಹನಿ ಹಾಕಬೇಕು. ಒಂದು ಹನಿಗೆ 25 ಪಿಪಿಎಂ (ಲೀಟರಿಗೆ ಅಷ್ಟು ಮಿಲಿಗ್ರಾಂ). ಬೋರ್ ನೀರಿಗೆ 22 ಹನಿ, ಅಂದರೆ 550. ಕೊಳದ ನೀರಿಗೆ 33 ಹನಿ, 825! ಕೊಳಕ್ಕೆ 200ರಿಂದ 400 ಇದ್ದರೆ ಸರಿ.

ಆ ರಾತ್ರಿ ಲೆಕ್ಕ ಹಾಕುತ್ತ ಕೂತೆ. ತುಂಬಿಸಿದ ದಿನವೇ ಕೊಳಕ್ಕೆ 21 ಕೆಜಿ ಸುಣ್ಣ ಇಳಿದಿತ್ತು. ಬೇಸಿಗೆಯಲ್ಲಿ ದಿನಕ್ಕೆ ಸುಮಾರು 140 ಲೀಟರ್ ಆವಿಯಾಗುತ್ತದೆ. ನೀರು ಹೋಗುತ್ತದೆ, ಸುಣ್ಣ ಅಲ್ಲೇ ಉಳಿಯುತ್ತದೆ. ಮೇಲಿಂದ ಮತ್ತೆ ಬೋರ್ ನೀರು ಬಿಟ್ಟು ಮೂರು ತಿಂಗಳಲ್ಲಿ ಇನ್ನೂ 7 ಕೆಜಿ ಸೇರಿಸಿದ್ದೆ. ಸಾಲದ್ದಕ್ಕೆ ನಾನು ಹಾಕುತ್ತಿದ್ದದ್ದು ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಹರಳು. 10 ಪಿಪಿಎಂ ಕ್ಲೋರಿನ್ ಕೊಟ್ಟರೆ ಅದು ಜೊತೆಗೆ ಸುಮಾರು 7 ಪಿಪಿಎಂ ಗಡಸುತನವನ್ನೂ ಕೊಡುತ್ತದೆ. ಔಷಧಿಯೇ ರೋಗ ಬೆಳೆಸುತ್ತಿತ್ತು.

ಅವತ್ತೇ ಸೋಡಿಯಂ ಹೈಪೋಕ್ಲೋರೈಟ್ ದ್ರವಕ್ಕೆ ಬದಲಾದೆ. ಬಿಸಿಲಿಗೆ ಅದರ ಶಕ್ತಿ ಬೇಗ ಇಳಿಯುತ್ತದೆ, ಹಾಗಾಗಿ ಹದಿನೈದು ದಿನಕ್ಕಾಗುವಷ್ಟೇ ತಂದು ನೆರಳಲ್ಲಿಡುತ್ತೇನೆ. ಅಂದಕ್ಕೆಂದು ಹಾಕಿಸಿದ್ದ ಜಲಪಾತವನ್ನೂ ನಿಲ್ಲಿಸಿದೆ. ನೀರು ಎತ್ತರದಿಂದ ಬಿದ್ದಾಗ ಇಂಗಾಲದ ಡೈಆಕ್ಸೈಡ್ ಹಾರಿಹೋಗಿ ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ) ಏರುತ್ತದೆ, ಏರಿದೊಡನೆ ಸುಣ್ಣ ಕೂರುತ್ತದೆ. ಮಕ್ಕಳು ಎರಡು ದಿನ ಮುನಿಸಿಕೊಂಡರು. ಆಸಿಡ್ ಹಾಕಿ ಪಿಎಚ್ 7.2ರಿಂದ 7.4ರೊಳಗೆ ಹಿಡಿದೆ. ಬಕೆಟ್ಟಿನ ನೀರಿಗೆ ಆಸಿಡ್ ಸುರಿಯಬೇಕು, ಆಸಿಡ್ಡಿಗೆ ನೀರಲ್ಲ. ಕ್ಲೋರಿನ್ ಡಬ್ಬದ ಹತ್ತಿರಕ್ಕಂತೂ ಅದನ್ನು ಒಯ್ಯಲೇಬಾರದು.

ಇದೆಲ್ಲ ಸುಣ್ಣ ಕೂರದಂತೆ ತಡೆಯುವ ಉಪಾಯ ಅಷ್ಟೇ. ನೀರೊಳಗಿನ ಸುಣ್ಣ ಕಮ್ಮಿಯಾಗಬೇಕಾದರೆ ಆ ನೀರನ್ನೇ ಹೊರಗೆ ಬಿಡಬೇಕು. ಬದಲಿಗೆ ಟ್ಯಾಂಕರ್ ತರಿಸೋಣವೆಂದರೆ ನಮ್ಮಲ್ಲಿಗೆ ಬರುವ ಟ್ಯಾಂಕರ್ ನೀರೂ ಯಾರದೋ ಬೋರಿನದೇ. ಉಳಿದದ್ದು ಮಳೆ. ನಮ್ಮ ತಾರಸಿ 120 ಚದರ ಮೀಟರ್. 30 ಮಿಲಿಮೀಟರ್ ಮಳೆ ಬಿದ್ದರೆ ಸೋರಿಕೆ ಕಳೆದು 3,000 ಲೀಟರ್ ಸಿಗುತ್ತದೆ, ಕೊಳದ ಮೇಲೇ ಬೀಳುವುದು ಇನ್ನೊಂದು 800. ಮೊದಲ ಹತ್ತು ನಿಮಿಷದ ಕೊಳೆನೀರು ಹೊರಗೆ, ಆಮೇಲಿನದು ಜಾಲರಿ ದಾಟಿ ಕೊಳಕ್ಕೆ.

ಮೋಡ ಕಟ್ಟಿದ ದಿನ ಮಧ್ಯಾಹ್ನವೇ ಕೊಳದಿಂದ ಒಂದು ಗೇಣಿಗಿಂತ ಕಮ್ಮಿ ನೀರು ಹೊರಗೆ ಬಿಟ್ಟಿಡುತ್ತಿದ್ದೆ. ಕ್ಲೋರಿನ್ ಇಳಿದಿದ್ದರೆ ತೆಂಗಿನ ಬುಡಕ್ಕೆ, ಇಲ್ಲವೇ ಚರಂಡಿಗೆ. ಮೊದಲ ಸಲ ಸ್ಕಿಮ್ಮರ್ (ಮೇಲ್ಮೈ ನೀರನ್ನು ಪಂಪಿಗೆ ಎಳೆಯುವ ಬಾಯಿ) ವಾಲ್ವ್ ಮುಚ್ಚುವುದು ಮರೆತು, ಮಟ್ಟ ಇಳಿದಾಗ ಪಂಪ್ ಗಾಳಿ ಎಳೆದು ಬಿಸಿಯಾಗಿತ್ತು. ಪೂರ್ತಿ ಖಾಲಿ ಮಾಡುವ ಸಾಹಸಕ್ಕೆ ಮಾತ್ರ ಹೋಗಲಿಲ್ಲ. ಮಳೆಗಾಲದಲ್ಲಿ ಕೆಳಗಿನ ಅಂತರ್ಜಲ ಒತ್ತಿದರೆ ಖಾಲಿ ತೊಟ್ಟಿಯೇ ಮೇಲೆದ್ದು ಬಿರುಕು ಬಿಡಬಹುದು.

ಎಂಟು ಒಳ್ಳೆ ಮಳೆ ಬೇಕಾಯಿತು. ಅಕ್ಟೋಬರ್ ಕೊನೆಗೆ 15 ಹನಿಗೇ ನೀಲಿ, ಅಂದರೆ 375. ಮಳೆನೀರಿನಿಂದ ಅಲ್ಕಲಿನಿಟಿಯೂ (ಪಿಎಚ್ ಏರುಪೇರಾಗದಂತೆ ಹಿಡಿದಿಡುವ ಗುಣ) ಕುಸಿದಿತ್ತು. ಅದನ್ನು 10 ಪಿಪಿಎಂ ಏರಿಸಲು ನಮ್ಮ ಕೊಳಕ್ಕೆ ಸುಮಾರು 650 ಗ್ರಾಂ ಅಡುಗೆ ಸೋಡಾ ಸಾಕು.

ಅಂಚಿನ ಪಟ್ಟಿ ವಿನೆಗರ್‌ಗೆ ನೊರೆಯೆದ್ದು ಬಿಟ್ಟುಕೊಂಡಿತು. ಮೆಟ್ಟಿಲಿನ ಮೂಲೆಯಲ್ಲೊಂದು ಅಂಗೈಯಗಲದ ಕಲೆ ಮಾತ್ರ ನೊರೆಯನ್ನೂ ಏಳಿಸುವುದಿಲ್ಲ, ಕದಲುವುದೂ ಇಲ್ಲ. ಬಹುಶಃ ಸಿಲಿಕೇಟ್. ಪ್ರತಿ ಭಾನುವಾರ ಅರ್ಧ ಗಂಟೆ ಪ್ಯೂಮಿಸ್ ಕಲ್ಲು ಹಿಡಿದು ಉಜ್ಜುತ್ತಿದ್ದೇನೆ.